ಪಂಪಿನ ಊರಿನಿಂದ ನಾವು ಕಲಿಯಬೇಕಾದುದು



ಕಳೆದ ಫೆಬ್ರವರಿ ತಿಂಗಳ ಕೊನೆಯ ವಾರ. ನಮ್ಮ ರೋಬಸ್ಟಾ ತೋಟಕ್ಕೆ ಹೂ ನೀರು ಕೊಡುವ ಕೆಲಸ ಅರ್ಧದಷ್ಟು ಮುಗಿದಿತ್ತು. ಆ ರಾತ್ರಿ ಹಳ್ಳದ ಬದಿಯ ಪಂಪ್‌ಸೆಟ್ಟು ಒಮ್ಮೆ ಗಡಗಡನೆ ಸದ್ದು ಮಾಡಿ ನಿಂತುಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಇಂಪೆಲ್ಲರ್ ಒಡೆದಿದೆ, ಶಾಫ್ಟೂ ಸವೆದಿದೆ. ನೀರು ಬಿದ್ದ ಭಾಗದಲ್ಲಿ ವಾರ ಕಳೆದರೆ ಹೂ ಅರಳುತ್ತದೆ. ಅನಂತರ ಎರಡು ಮೂರು ವಾರದೊಳಗೆ ಮತ್ತೊಂದು ನೀರು ಕಾಣದಿದ್ದರೆ ಕಾಯಿ ಕಟ್ಟುವುದಿಲ್ಲ ಎಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ಹೇಳಬೇಕಾದ್ದಿಲ್ಲ.

ಪಂಪು ಹಳೆಯ ಮಾದರಿಯದು. ಅದರ ಬಿಡಿಭಾಗ ತರಿಸಲು ಒಂದು ತಿಂಗಳಾದರೂ ಬೇಕೆಂದು ಅಂಗಡಿಯವರು ಕೈಯಾಡಿಸಿಬಿಟ್ಟರು. ಸಂಘದ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು, "ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ ಮಾರಾಯ್ರೆ, ಅದು ಹುಟ್ಟಿದ ಊರಿಗೇ ತಗೊಂಡು ಹೋಗಿ" ಎಂದರು. ಅದು ಹುಟ್ಟಿದ ಊರು ಕೊಯಮತ್ತೂರು. ಒಡೆದ ಭಾಗಗಳನ್ನು ಗೋಣಿಚೀಲದಲ್ಲಿ ಕಟ್ಟಿ ಜೀಪಿಗೆ ಹಾಕಿ ಬೆಳಗಿನ ಜಾವವೇ ಹೊರಟೆವು. ಮೈಸೂರು, ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲದ ಮೂಲಕ ಸಂಜೆಯ ಹೊತ್ತಿಗೆ ಆ ಊರನ್ನು ಸೇರಿದೆವು.

ಅಲ್ಲಿ ಕಳೆದ ಎರಡು ದಿನಗಳಲ್ಲಿ ನಾವು ಕಂಡದ್ದನ್ನೂ, ಹಿಂದಿರುಗಿದ ಮೇಲೆ ಓದಿ ತಿಳಿದದ್ದನ್ನೂ ಸದಸ್ಯರ ಮುಂದಿಡಬೇಕೆನಿಸಿದೆ. ಮುಂಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ ಬಂದಿರುವ ಒಂದು ವಿಷಯಕ್ಕೂ ಇದಕ್ಕೂ ನೇರವಾದ ಸಂಬಂಧವಿರುವುದರಿಂದ ತಾಳ್ಮೆಯಿಂದ ಓದಬೇಕೆಂದು ವಿನಂತಿ.

ಒಂದು ಬೀದಿ, ಐದು ಅಂಗಡಿ

ನಮಗೆ ವಿಳಾಸ ಸಿಕ್ಕಿದ್ದು ಆವಾರಂಪಾಳ್ಯದ ಕಡೆಯ ಒಂದು ಚಿಕ್ಕ ಲೇತ್ ಅಂಗಡಿಯದು. ಯಜಮಾನರಿಗೆ ಅರುವತ್ತರ ಮೇಲಿನ ವಯಸ್ಸು. ನಾವು ಹರಕು ಮುರುಕು ತಮಿಳಿನಲ್ಲಿ ಆರಂಭಿಸಿದ್ದನ್ನು ಕೇಳಿ ನಕ್ಕು, "ಕನ್ನಡದಲ್ಲೇ ಹೇಳಿ ಸಾರ್, ನಮ್ಮ ಮನೇಲೂ ಕನ್ನಡವೇ" ಎಂದರು. ಅವರ ಹಿರಿಯರು ನೇಯ್ಗೆಯ ದೇವಾಂಗದವರು. ಆ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದ ಎಷ್ಟೋ ದೇವಾಂಗ ಮನೆತನಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿ ಉಳಿದಿದೆ.

ಒಡೆದ ಇಂಪೆಲ್ಲರನ್ನು ತಿರುಗಿಸಿ ನೋಡಿ ಅವರು ನಮ್ಮನ್ನು ಹಿಂದಿಟ್ಟುಕೊಂಡು ಹೊರಟರು. ಮೊದಲು ಮೂರನೆಯ ಮನೆಯ ಪ್ಯಾಟರ್ನ್ ಮಾಡುವವರಲ್ಲಿಗೆ. ಅವರು ಒಡೆದ ಚೂರುಗಳನ್ನು ಜೋಡಿಸಿ ಅಳತೆ ತೆಗೆದು ಮರದ ಅಚ್ಚು ಕೆತ್ತಲು ಕುಳಿತರು. ಅಲ್ಲಿಂದ ಕಂಚು ಎರೆಯುವ ಒಂದು ಸಣ್ಣ ಫೌಂಡ್ರಿಗೆ ಹೋಗಿ ಮರುದಿನ ಬೆಳಗಿನ ಎರಕದಲ್ಲಿ ನಮ್ಮದೂ ಒಂದು ಸೇರಲೆಂದು ಹೇಳಿದ್ದಾಯಿತು. ಎರಕ ಆರಿದ ಮೇಲೆ ಅದನ್ನು ಲೇತಿನಲ್ಲಿ ಹಿಡಿದು ಅಳತೆಗೆ ತರುವುದು, ಶಾಫ್ಟನ್ನು ಹೊಸದಾಗಿ ಕಡೆಯುವುದು ನಮ್ಮ ಯಜಮಾನರ ಪಾಲಿನ ಕೆಲಸ. ತೂಕ ಸರಿದೂಗಿಸುವುದಕ್ಕೆ, ಅಂದರೆ ಬ್ಯಾಲೆನ್ಸಿಂಗಿಗೆ, ಎದುರು ಬೀದಿಯ ಇನ್ನೊಬ್ಬರು. ಮೋಟಾರಿನ ವೈಂಡಿಂಗನ್ನೂ ಒಮ್ಮೆ ನೋಡಿಬಿಡೋಣವೆಂದರೆ ಅದಕ್ಕೆ ಮತ್ತೊಬ್ಬರು. ಅವರಲ್ಲಿ ಯಾರದೂ ದೊಡ್ಡ ಕಾರ್ಖಾನೆಯಲ್ಲ. ಕೆಲವೆಡೆ ಇಬ್ಬರು, ಕೆಲವೆಡೆ ಎಂಟು ಜನ ಕೆಲಸಗಾರರು. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ, ಆದರೆ ಆ ಒಂದು ಕೆಲಸದಲ್ಲಿ ಅವರ ಕೈ ತಪ್ಪುವುದಿಲ್ಲ.

ಎರಡನೆಯ ದಿನ ದೀಪ ಹಚ್ಚುವ ವೇಳೆಗೆ ಪಂಪಿನ ಹೊಟ್ಟೆ ಹೊಸದಾಯಿತು. ತಿಂಗಳು ಬೇಕೆಂದಿದ್ದ ಕೆಲಸ ಎರಡು ದಿನದಲ್ಲಿ ಮುಗಿಯಿತು. ಬ್ಯಾಕಿಂಗ್ ನೀರಿಗೆ ತೊಂದರೆಯಾಗಲಿಲ್ಲ.

ಯಜಮಾನರನ್ನು ನಾವು ಕೇಳಿದೆವು: "ನಿಮ್ಮಲ್ಲಿ ಈ ಐದು ಕೆಲಸಕ್ಕೂ ಯಂತ್ರವಿದ್ದಿದ್ದರೆ ಹಣವೆಲ್ಲ ನಿಮಗೇ ಸಿಗುತ್ತಿತ್ತಲ್ಲ?" ಅವರು ಹೇಳಿದ್ದು ಇಷ್ಟು: "ಐದೂ ಇಟ್ಟರೆ ನಾಲ್ಕು ಯಾವಾಗಲೂ ಸುಮ್ಮನೆ ನಿಂತಿರುತ್ತವೆ ಸಾರ್. ಸಾಲದ ಬಡ್ಡಿ ಮಾತ್ರ ಐದಕ್ಕೂ ಓಡುತ್ತದೆ."

ಊರು ಕಟ್ಟಿದ ಕಥೆ

ಇಂಥ ಬೀದಿಯೊಂದು ಹೇಗೆ ಹುಟ್ಟಿತು ಎಂದು ಹುಡುಕಿಕೊಂಡು ಹೋದರೆ ಮೊದಲಿಗೇ ಎದುರಾಗುವುದು ಕಾಫೀ ಎಂಬುದು ನಮಗೆ ಸೋಜಿಗವೆನಿಸಿತು. ರಾಬರ್ಟ್ ಸ್ಟೇನ್ಸ್ ಎಂಬ ಆಂಗ್ಲ ತರುಣ 1861ರಲ್ಲಿ ಆರಂಭಿಸಿದ ವ್ಯವಹಾರದ ಮೊದಲ ಕಸುಬು ಕಾಫೀ ಕ್ಯೂರಿಂಗ್. ನೀಲಗಿರಿಯಿಂದ ಕಾಫೀ ಇಳಿದು ಬರುವ ತಪ್ಪಲು ಅದು. ಒಣಗಿಸಲು ಬಯಲುಸೀಮೆಯ ಬಿಸಿಲಿತ್ತು. ಅದೇ ಸ್ಟೇನ್ಸ್ ಮುಂದಾಳಾಗಿ 1888ರಲ್ಲಿ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಯನ್ನು ತೆರೆದ. ಸುತ್ತಲೂ ಎರೆಮಣ್ಣು, ಅದರಲ್ಲಿ ಹತ್ತಿ. ಹತ್ತಿ ಬೆಳೆದು ನಾಲ್ಕು ಕಾಸು ಕಂಡ ರೈತ ಮನೆತನಗಳು, ಬಹುಮಟ್ಟಿಗೆ ತೆಲುಗು ಮನೆಮಾತಿನ ನಾಯ್ಡುಗಳು, ಕ್ರಮೇಣ ತಾವೇ ಜಿನ್ನಿಂಗ್ ಯಂತ್ರ ಇಟ್ಟರು, ಗಿರಣಿ ಕಟ್ಟಿದರು. ಲಕ್ಷ್ಮೀ ಮಿಲ್ಸ್ 1910ರದು.

ಗಿರಣಿ ಎಂದ ಮೇಲೆ ರಿಪೇರಿ ತಪ್ಪಿದ್ದಲ್ಲ. ಸಣ್ಣದೊಂದು ಹಲ್ಲುಚಕ್ರ ಮುರಿದರೂ ವಿಲಾಯತಿಯಿಂದ ಬರಬೇಕಾಗಿದ್ದ ಕಾಲ. ಆದ್ದರಿಂದ ಗಿರಣಿಗಳ ಸುತ್ತ ಎರಕದ ಮನೆಗಳೂ ಲೇತುಗಳೂ ಬಂದವು. ಪೀಳಮೇಡಿನ ಪಿ.ಎಸ್. ಗೋವಿಂದಸ್ವಾಮಿ ನಾಯ್ಡುರವರ ನಾಲ್ವರು ಮಕ್ಕಳು ಆಸ್ತಿಯನ್ನು ಪಾಲು ಮಾಡಿಕೊಳ್ಳುವಾಗ ನಾಲ್ಕು ಪಾಲಿಗೆ ಬದಲು ಐದು ಪಾಲು ಮಾಡಿ, ಐದನೆಯದನ್ನು ಧರ್ಮಕ್ಕೆ ಮೀಸಲಿಟ್ಟರು. ಆ ಐದನೆಯ ಪಾಲಿನಿಂದ 1926ರಲ್ಲಿ ಹುಟ್ಟಿದ ಪಿ.ಎಸ್.ಜಿ. ದತ್ತಿಯ ಆಶ್ರಯದಲ್ಲಿ ಹುಡುಗರಿಗೆ ಕಸುಬು ಕಲಿಸುವ ಕೈಗಾರಿಕಾ ಸಂಸ್ಥೆಯೊಂದು ನಡೆಯಿತು. ಅಲ್ಲಿ ಪಾಠವೂ ನಡೆಯುತ್ತಿತ್ತು, ನಿಜವಾದ ಉತ್ಪಾದನೆಯೂ ನಡೆಯುತ್ತಿತ್ತು. ಅಲ್ಲಿ ಕಲಿತವರು ಮುಂದೆ ಊರ ತುಂಬ ಹರಡಿಕೊಂಡರು. ಇಂಜಿನಿಯರಿಂಗ್ ಕಾಲೇಜುಗಳು ಬಂದದ್ದು ಆಮೇಲೆ: ಒಂದು 1945ರಲ್ಲಿ, ಪಿ.ಎಸ್.ಜಿ.ಯದು 1951ರಲ್ಲಿ, ಮತ್ತೊಂದು 1956ರಲ್ಲಿ.

ಎರಡನೆಯ ಕಾರಣ ವಿದ್ಯುತ್ತು. ನೀಲಗಿರಿಯ ಪೈಕಾರಾ ಜಲವಿದ್ಯುತ್ ಕೇಂದ್ರ 1932ರಲ್ಲಿ ಕೆಲಸ ಆರಂಭಿಸಿತು. ಕರೆಂಟು ಬಂದೊಡನೆ ಗಿರಣಿಗಳ ಸಂಖ್ಯೆ ಏರಿತು. ಅದಕ್ಕಿಂತಲೂ ನಮಗೆ ಮುಖ್ಯವಾದುದು ಬಾವಿ. ಮಳೆನೆರಳಿನ ಆ ಸೀಮೆಯಲ್ಲಿ ಬಾವಿಗಳು ಆಳ. ಎತ್ತು ಕಟ್ಟಿ ಕಪಿಲೆಯಲ್ಲಿ ನೀರು ಸೇದುತ್ತಿದ್ದ ರೈತನ ಹೊಲದ ಅಂಚಿಗೆ ತಂತಿ ಬಂದು ನಿಂತಾಗ ಅವನು ಕೇಳಿದ್ದು ಒಂದು ಮೋಟಾರು, ಒಂದು ಪಂಪು. ಆಮದಿನ ಮಾಲಿಗೆ ಅವನ ಕೈಯಲ್ಲಿ ಹಣವಿಲ್ಲ. ಬೇಡಿಕೆ ಮನೆಬಾಗಿಲಲ್ಲಿತ್ತು, ಎರಕ ಬಲ್ಲವರು ಪಕ್ಕದ ಬೀದಿಯಲ್ಲಿದ್ದರು. ಜಿ.ಡಿ. ನಾಯ್ಡುರವರು ಡಿ. ಬಾಲಸುಂದರಂ ನಾಯ್ಡುರವರ ಜೊತೆಗೂಡಿ 1937ರಲ್ಲಿ ತಯಾರಿಸಿದ ಮೋಟಾರನ್ನು ಭಾರತದಲ್ಲೇ ತಯಾರಾದ ಮೊದಲನೆಯದೆಂದು ಹೇಳುವ ವಾಡಿಕೆಯಿದೆ. ಎರಡನೆಯ ಮಹಾಯುದ್ಧದಲ್ಲಿ ಆಮದು ನಿಂತಾಗ ಬಿಡಿಭಾಗಗಳನ್ನು ಅಲ್ಲಿಯೇ ಮಾಡಿಕೊಳ್ಳುವುದು ಅನಿವಾರ್ಯವಾಯಿತು. ಸ್ವಾತಂತ್ರ್ಯಾನಂತರ ಹಳ್ಳಿಹಳ್ಳಿಗೆ ವಿದ್ಯುತ್ ಹರಿದಂತೆ ಆ ಪಂಪುಗಳು ನಮ್ಮ ಮಲೆನಾಡಿನ ಹಳ್ಳ ಕೊಳ್ಳಗಳಿಗೂ ಬಂದು ತಲುಪಿದವು.

ಇನ್ನು ಆ ಸಣ್ಣ ಅಂಗಡಿಗಳು ಹೆಚ್ಚಿದ ಬಗೆ. ಗಿರಣಿಯಲ್ಲೋ ದೊಡ್ಡ ಕಾರ್ಖಾನೆಯಲ್ಲೋ ಹತ್ತು ವರ್ಷ ದುಡಿದ ಫಿಟ್ಟರು ಒಂದು ಹಳೆಯ ಲೇತು ಕೊಂಡು ಮನೆಯ ಮುಂದೆ ತಗಡಿನ ಮಾಡು ಹಾಕುತ್ತಾನೆ. ಮೊದಲ ಕೆಲಸ ಕೊಡುವವರು ಅವನ ಹಳೆಯ ಯಜಮಾನರೇ, ಏಕೆಂದರೆ ಆ ಭಾಗವನ್ನು ತಾವೇ ಮಾಡಿಸುವುದಕ್ಕಿಂತ ಇವನಿಂದ ಜಾಬ್ ವರ್ಕ್ ಮಾಡಿಸುವುದು ಅಗ್ಗ. ಅವನ ಬಳಿ ಕಲಿತ ಹುಡುಗ ಹತ್ತು ವರ್ಷಕ್ಕೆ ಇನ್ನೊಂದು ಮಾಡು ಹಾಕುತ್ತಾನೆ. ಅಡಿಕೆ ಮರದ ಬುಡದಲ್ಲಿ ಬಿದ್ದ ಗೋಟು ಅಲ್ಲಲ್ಲೇ ಮೊಳೆಯುವಂತೆ ಒಂದರ ನೆರಳಲ್ಲಿ ಇನ್ನೊಂದು ಬಂದಿದೆ. ನಾವು ಭೇಟಿ ಮಾಡಿದ ಯಜಮಾನರೂ ಅದೇ ದಾರಿಯಲ್ಲಿ ಬಂದವರು.

ಒಂದೆಡೆ ನೆಲೆಸಿದರೆ ಏನು ಲಾಭ

ಒಂದೇ ಕಸುಬಿನವರು ಒಂದೇ ಊರಿನಲ್ಲಿ ಒತ್ತಾಗಿ ನೆಲೆಸುವುದೇಕೆ ಎಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದ್ದಾರೆ. ಅವರ ಕಣ್ಣ ಮುಂದಿದ್ದುದು ಚಾಕು ಕತ್ತರಿ ಮಾಡುವ ಶೆಫೀಲ್ಡಿನಂಥ ಊರುಗಳು. ಅವರು ಹೇಳುವ ಲಾಭಗಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಮುಖ್ಯವಾಗಿ ಮೂರು. ಮೊದಲನೆಯದು, ಕುಶಲ ಕೈಗಳು. ಕೆಲಸ ಬಲ್ಲವನು ಕೆಲಸವಿರುವ ಊರಿಗೆ ಬರುತ್ತಾನೆ, ಕೆಲಸ ಕೊಡುವವನು ಕೈಗಳಿರುವ ಊರಿಗೇ ಬರುತ್ತಾನೆ. ಎರಡನೆಯದು, ಉಪಕಸುಬುಗಳು. ಒಬ್ಬನಿಗಾಗಿ ಯಾರೂ ಎರಕದ ಮನೆ ಕಟ್ಟಲಾರರು, ನೂರು ಜನರಿಗಾಗಿ ಹತ್ತು ಎರಕದ ಮನೆಗಳು ತಾವಾಗಿ ಬರುತ್ತವೆ. ಮೂರನೆಯದು, ತಿಳಿವಳಿಕೆ. ಒಬ್ಬ ಕಂಡುಕೊಂಡ ಉಪಾಯ ಚಹದಂಗಡಿಯಲ್ಲಿ, ಮದುವೆ ಚಪ್ಪರದಲ್ಲಿ ಹತ್ತು ಜನರ ಕಿವಿಗೆ ಬಿದ್ದು ಹನ್ನೊಂದನೆಯವನು ಅದನ್ನು ಇನ್ನಷ್ಟು ತಿದ್ದುತ್ತಾನೆ.

ಅಡಿಕೆ ವ್ಯಾಪಾರ ಬಲ್ಲ ನಮಗೆ ಇದು ತೀರಾ ಹೊಸತಲ್ಲ. ರಾಶಿ ಇಡಿ, ಬೆಟ್ಟೆ, ಹಸ ಎಂದು ಕಣ್ಣಳತೆಯಲ್ಲೇ ಬೇರ್ಪಡಿಸುವ ಕೈಗಳು ಶಿರಸಿ, ಸಾಗರ, ತೀರ್ಥಹಳ್ಳಿಯ ಸುತ್ತ ಏಕೆ ಇವೆ, ಬಯಲುಸೀಮೆಯಲ್ಲಿ ಏಕಿಲ್ಲ ಎಂದು ಯಾರೂ ನಮಗೆ ವಿವರಿಸಬೇಕಾಗಿಲ್ಲ.

ಪೈಪೋಟಿ ಎಲ್ಲಿ, ಕೂಡುವಿಕೆ ಎಲ್ಲಿ

ಆದರೆ ಅಂಗಡಿಗಳು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಊರು ಬೆಳೆಯಿತೆಂದರೆ ಅದು ಅರ್ಧ ಸತ್ಯ. ಪಕ್ಕದವನ ದರಕ್ಕಿಂತ ನಾಲ್ಕಾಣೆ ಕಡಿಮೆ ಹೇಳಿ, ಎರಕದಲ್ಲಿ ಕಸಬರಿಗೆ ಕಬ್ಬಿಣ ತುಂಬಿ, ಊರಿನ ಹೆಸರನ್ನೇ ಕೆಡಿಸುವ ದಾರಿಯೂ ತೆರೆದೇ ಇರುತ್ತದೆ. ಕೊಯಮತ್ತೂರಿನವರು ಆ ಬಲೆಯಿಂದ ಬಹುಮಟ್ಟಿಗೆ ಪಾರಾದದ್ದು, ಯಾವುದನ್ನು ಒಬ್ಬೊಬ್ಬರೇ ಮಾಡಿಕೊಳ್ಳಲಾಗುವುದಿಲ್ಲವೋ ಅದನ್ನು ಮಾತ್ರ ಕೂಡಿ ಮಾಡಿದ್ದರಿಂದ ಎಂದು ನಮಗೆ ತೋರುತ್ತದೆ.

ಇಂಜಿನಿಯರಿಂಗ್ ತಯಾರಕರು 1952ರಲ್ಲಿಯೇ ಸೀಮಾ ಎಂಬ ಸಂಘವನ್ನು ಕಟ್ಟಿಕೊಂಡರು. ಪಂಪು ಎಷ್ಟು ನೀರು ಎತ್ತುತ್ತದೆ, ಎಷ್ಟು ಎತ್ತರಕ್ಕೆ, ಅದಕ್ಕೆ ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆದು ಹೇಳುವ ಪ್ರಯೋಗಾಲಯವೊಂದು ಸಿಟಾರ್ಕ್ ಎಂಬ ಹೆಸರಿನಲ್ಲಿ ಆ ಸಂಘದ ಆಶ್ರಯದಲ್ಲಿಯೇ ಬಂದಿತು. ಹತ್ತು ಜನ ಕೆಲಸಗಾರರಿರುವ ಅಂಗಡಿಯವನು ಸ್ವಂತ ಪ್ರಯೋಗಾಲಯ ಇಡುವುದು ಕನಸಿನ ಮಾತು. ಆದರೆ ಶುಲ್ಕ ಕಟ್ಟಿ ಅಲ್ಲಿ ಪರೀಕ್ಷೆ ಮಾಡಿಸಿಕೊಂಡ ಕಾಗದ ಅವನ ಕೈಯಲ್ಲೂ ಇರಬಹುದು, ದೊಡ್ಡ ಕಂಪೆನಿಯ ಕೈಯಲ್ಲೂ ಇರಬಹುದು. ಅಳತೆಗೋಲು ಇಬ್ಬರಿಗೂ ಒಂದೇ. ಸಣ್ಣ ಕೈಗಾರಿಕೆಗಳವರು 1969ರಲ್ಲಿ ಕೊಡಿಸಿಯಾ ಎಂಬ ತಮ್ಮದೇ ಸಂಘವನ್ನು ಸ್ಥಾಪಿಸಿ, ಮುಂದೆ ತಮ್ಮ ಸರಕನ್ನು ಮೆರೆಸಲು ದೊಡ್ಡದೊಂದು ವಸ್ತುಪ್ರದರ್ಶನ ಸಂಕೀರ್ಣವನ್ನೇ ಕಟ್ಟಿದರು.

ನಮ್ಮ ಮನೆಗಳ ಅಡುಗೆಮನೆಯಲ್ಲಿ ಕುಳಿತಿರುವ ವೆಟ್ ಗ್ರೈಂಡರಿನ ಕಥೆಯೂ ಇಂಥದೇ. ಪಿ. ಸಭಾಪತಿ ಎಂಬವರು 1955ರಲ್ಲಿ ಕೊಯಮತ್ತೂರಿನಲ್ಲಿ ಅದನ್ನು ರೂಪಿಸಿದರೆಂದು ಹೇಳುತ್ತಾರೆ. ಮೋಟಾರು ಮಾಡುವವರು ಆ ಊರಿನಲ್ಲೇ ಇದ್ದರು, ಕಲ್ಲು ಕಡೆಯುವವರು ಸುತ್ತಿನಲ್ಲಿದ್ದರು. ಬಹು ಬೇಗ ನೂರಾರು ಮಂದಿ ಅದನ್ನು ಮಾಡತೊಡಗಿದರು. ಮುಂದೆ ಆ ತಯಾರಕರ ಸಂಘವು ಕೂಡಿ ಅರ್ಜಿ ಹಾಕಿ ಕೊಯಮತ್ತೂರು ವೆಟ್ ಗ್ರೈಂಡರ್ ಎಂಬ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆ ಪಡೆಯಿತು. ಹೆಸರು ಒಬ್ಬನದಲ್ಲ, ಊರಿನದು. ಕೆಟ್ಟ ಮಾಲು ಮಾಡಿದವನು ಪಕ್ಕದವನ ಹೊಟ್ಟೆಗೂ ಕಲ್ಲು ಹಾಕುತ್ತಾನೆ ಎಂಬ ಅರಿವು ಅಲ್ಲಿನವರಿಗಿದೆ.

ಎಲ್ಲವೂ ಹಸನಾಗಿಲ್ಲ ಎಂಬುದನ್ನೂ ಹೇಳಬೇಕು. ರಾಜಕೋಟೆ, ಅಹಮದಾಬಾದ್ ಕಡೆಯ ಪಂಪುಗಳು ಅಗ್ಗದ ಬೆಲೆಗೆ ಬಂದು ಕೊಯಮತ್ತೂರಿನ ಮಾರುಕಟ್ಟೆಯ ದೊಡ್ಡ ಪಾಲನ್ನು ಕಿತ್ತುಕೊಂಡಿವೆ. ಬಾವಿಯ ನೀರು ಬತ್ತಿ ಕೊಳವೆಬಾವಿ ಬಂದಾಗ ಪಂಪಿನ ಜಾತಿಯೇ ಬದಲಾಯಿತು. ಬದಲಾದ ಕಾಲಕ್ಕೆ ಎಲ್ಲ ಅಂಗಡಿಗಳೂ ಹೊಂದಿಕೊಳ್ಳಲಿಲ್ಲ. ಕಬ್ಬಿಣದ ಬೆಲೆ ಏರಿದಷ್ಟು ಬೇಗ ಜಾಬ್ ವರ್ಕಿನ ದರ ಏರುವುದಿಲ್ಲವೆಂದು ನಮ್ಮ ಯಜಮಾನರೂ ನಿಟ್ಟುಸಿರು ಬಿಟ್ಟರು. ಅವರ ಮಗ ಲೇತಿನ ಬಳಿ ಸುಳಿಯುವುದಿಲ್ಲ, ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಕೂಡಿ ಕಟ್ಟಿದ್ದು ಒಮ್ಮೆ ಕಟ್ಟಿಬಿಟ್ಟರೆ ಶಾಶ್ವತವೆಂದು ತಿಳಿಯುವುದು ತಪ್ಪು. ತೋಟದಂತೆ ಅದಕ್ಕೂ ವರ್ಷವರ್ಷ ಗೊಬ್ಬರ ಮಣ್ಣು ಬೀಳುತ್ತಿರಬೇಕು.

ನಮ್ಮ ಕಡೆ ನಡೆದದ್ದು

ಇನ್ನು ನಮ್ಮ ಮನೆಯ ಮಾತು. ಮಾರಾಟದಲ್ಲಿ ಕೂಡುವುದನ್ನು ನಮ್ಮ ಹಿರಿಯರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲಿ, ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ 1939ರಲ್ಲಿ ಹುಟ್ಟಿದವು. ಅಡಿಕೆಯ ಬೆಲೆ ನೆಲ ಕಚ್ಚಿ ಬೆಳೆಗಾರ ದಿಕ್ಕೆಟ್ಟಿದ್ದ ದಿನಗಳಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ತಲೆಯೆತ್ತಿತು. ಆ ಸಂಸ್ಥೆ ಮಾರಾಟಕ್ಕೇ ನಿಲ್ಲದೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದು, ಬೆಳೆಗಾರರು ತಯಾರಿಕೆಗೂ ಕೈ ಹಾಕಬಲ್ಲರೆಂದು ತೋರಿಸಿಕೊಟ್ಟಿತು. ಕಾಫೀಯಲ್ಲಿ ಕಾಫೀ ಮಂಡಳಿಯ ಪೂಲ್ ಪದ್ಧತಿ ದಶಕಗಳ ಕಾಲ ನಡೆದು 1996ರ ವೇಳೆಗೆ ಪೂರ್ಣವಾಗಿ ಕೊನೆಗೊಂಡ ಮೇಲೆ ಮಾರಾಟದ ಭಾರ ನಮ್ಮ ತಲೆಯ ಮೇಲೇ ಬಿದ್ದಿತು. ಅದನ್ನೂ ಹೇಗೋ ಹೊತ್ತೆವು.

ಆದರೆ ನಮ್ಮ ಕೆಲಸಕ್ಕೆ ಬೇಕಾದ ಯಂತ್ರ, ಸಲಕರಣೆ, ರಿಪೇರಿ? ಇದರಲ್ಲಿ ನಾವು ಒಬ್ಬೊಬ್ಬರೇ. ಮೆಟ್ಟುಗತ್ತಿಯ ಮುಂದೆ ಕುಳಿತು ರಾತ್ರಿ ಅಡಿಕೆ ಸುಲಿಯುವ ಕೈಗಳು ಇಂದು ಬೆರಳೆಣಿಕೆಯಷ್ಟು ಉಳಿದಿವೆ. ಅದರ ಜಾಗಕ್ಕೆ ಸುಲಿಯುವ ಯಂತ್ರ ಬಂದಿದೆ. ಆ ಯಂತ್ರವನ್ನು ದೊಡ್ಡ ಕಂಪೆನಿಯವರು ನಮಗೆ ಮಾಡಿಕೊಡಲಿಲ್ಲ. ಮಲೆನಾಡಿನ ಪೇಟೆಗಳ ವೆಲ್ಡಿಂಗ್ ಅಂಗಡಿಯ ಹುಡುಗರು, ಅಡಿಕೆ ಹೇಗೆ ಉರುಳುತ್ತದೆ, ಬ್ಲೇಡು ಎಲ್ಲಿ ಕಚ್ಚಬೇಕು ಎಂದು ಚಪ್ಪರದಲ್ಲಿ ನಿಂತು ನೋಡಿ, ಹತ್ತು ಸಲ ಕೆಡಿಸಿ ಹನ್ನೊಂದನೆಯ ಸಲ ಸರಿಮಾಡಿದವರು. ಕೊಯಮತ್ತೂರಿನ ಕಥೆಯ ಮೊದಲ ಅಧ್ಯಾಯ ನಮ್ಮಲ್ಲೂ ಆರಂಭವಾಗಿದೆ: ಬೇಡಿಕೆ ಅಂಗಳದಲ್ಲಿದೆ, ಕೈ ಪಕ್ಕದ ಬೀದಿಯಲ್ಲಿದೆ. ಮುಂದಿನ ಅಧ್ಯಾಯ ಬರೆಯುವಾಗ ನಾವು ಎಡವಿದ್ದೇವೆ. ಅದರಲ್ಲಿ ಈ ಕಾರ್ಯದರ್ಶಿಯ ಪಾಲೂ ಇದೆ.

ನಾಲ್ಕು ವರ್ಷದ ಹಿಂದೆ ನಮ್ಮ ಪೇಟೆಯ ತರುಣ ಮೆಕ್ಯಾನಿಕ್ಕೊಬ್ಬ ಸಂಘದ ಕಛೇರಿಗೆ ಬಂದಿದ್ದ. ಹಳೆಯ ಲೇತೊಂದು ಬರುತ್ತಿದೆ, ಬ್ಯಾಂಕಿನವರು ಜಾಮೀನು ಕೇಳುತ್ತಾರೆ, ಸಂಘದಿಂದ ಒಂದು ಪತ್ರ ಕೊಟ್ಟರೆ ಉಪಕಾರವಾದೀತು ಎಂದ. ನಮ್ಮ ಸದಸ್ಯರ ಪೈಕಿ ಅರ್ಧ ಜನರ ಸುಲಿಯುವ ಯಂತ್ರ ಅವನ ಕೈಯಿಂದಲೇ ರಿಪೇರಿಯಾಗುತ್ತಿದ್ದುದು ನಮಗೆ ಗೊತ್ತಿತ್ತು. ಆದರೂ ಉಪವಿಧಿ ತೆರೆದು, ಸಂಘದ ನೆರವು ಬೆಳೆಗಾರ ಸದಸ್ಯರಿಗೆ ಮಾತ್ರ ಎಂದು ಅರ್ಜಿಯ ಮೇಲೆ ಷರಾ ಬರೆದೆವು. ಆಡಳಿತ ಮಂಡಳಿಯಲ್ಲಿ ಅದು ಎರಡು ನಿಮಿಷದಲ್ಲಿ ಇತ್ಯರ್ಥವಾಯಿತು. ಬರೆದದ್ದು ಕಾನೂನಿನ ಪ್ರಕಾರ ಸರಿಯೇ. ಆ ಹುಡುಗ ಆರು ತಿಂಗಳು ನೋಡಿ ಅಂಗಡಿ ಮುಚ್ಚಿ ಬೆಂಗಳೂರಿನ ಪೀಣ್ಯಕ್ಕೆ ಹೋದ. ಅಲ್ಲಿ ಬೇರೆಯವರ ಲೇತಿನ ಮುಂದೆ ನಿಂತಿದ್ದಾನೆ.

ಅವನ ಜೊತೆ ಕಲಿಯುತ್ತಿದ್ದ ಇಬ್ಬರು ಹುಡುಗರೂ ಕಸುಬು ಬಿಟ್ಟರು. ಕಳೆದ ಸುಗ್ಗಿಯಲ್ಲಿ ಒಬ್ಬ ಸದಸ್ಯರ ಯಂತ್ರದ ರೋಲರು ಕೊಯ್ಲಿನ ನಡುವೆ ಹೋಯಿತು. ಅದನ್ನು ಕಡೆಸಲು 80 ಕಿಲೋಮೀಟರು ದೂರದ ಪೇಟೆಗೆ ಹೋಗಿ ಸರದಿಯಲ್ಲಿ ಕಾಯಬೇಕಾಯಿತು. ನಾಲ್ಕನೆಯ ದಿನ ಯಂತ್ರ ತಿರುಗುವ ಹೊತ್ತಿಗೆ ಅಂಗಳದಲ್ಲಿ ರಾಶಿ ಬಿದ್ದಿದ್ದ ಹಸಿ ಅಡಿಕೆ ಬಿಸಿಯೇರಿ ಬಣ್ಣ ಕೆಟ್ಟಿತ್ತು. ನಮ್ಮದೇ ಸಂಘದ ಅಂಗಳದಲ್ಲಿ ಅದಕ್ಕೆ ಕೆಳದರ್ಜೆಯ ಬೆಲೆ ಬರೆದವರೂ ನಾವೇ. ಆ ದಿನ ನಮ್ಮ ಹಳೆಯ ಷರಾ ನೆನಪಿಗೆ ಬಂದಿತೆಂದು ಬೇರೆ ಹೇಳಬೇಕೆ?

ಹಾಳೆ ತಟ್ಟೆಯ ಪ್ರಶ್ನೆ

ಇನ್ನೊಂದು ಉದಾಹರಣೆ. ನಮ್ಮ ತೋಟಗಳ ಹಾಳೆಯಿಂದ ತಟ್ಟೆ ಒತ್ತುವ ಸಣ್ಣ ಘಟಕಗಳು ಅಲ್ಲಲ್ಲಿ ತಲೆಯೆತ್ತಿವೆ. ಸದಸ್ಯರ ಮನೆಯ ಹೆಣ್ಣುಮಕ್ಕಳೇ ನಡೆಸುವಂಥವೂ ಇವೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳ ಸುರಕ್ಷತೆಯನ್ನೇ ಪ್ರಶ್ನಿಸಿ ಅವುಗಳ ಆಮದನ್ನು ತಡೆಯುವ ಕ್ರಮ ಕೈಗೊಂಡಿತು. ಅಡಿಕೆಯಲ್ಲಿರುವ ರಾಸಾಯನಿಕಗಳು ತಟ್ಟೆಯಿಂದ ಊಟಕ್ಕೆ ಇಳಿಯಬಹುದೆಂಬುದು ಅವರ ಶಂಕೆ. ಶಂಕೆ ಸರಿಯೇ ತಪ್ಪೇ ಎಂದು ನಾವು ಕುಳಿತಲ್ಲೇ ತೀರ್ಪು ಕೊಡಲಾಗದು. ಉತ್ತರವನ್ನು ಪ್ರಯೋಗಾಲಯವೇ ಹೇಳಬೇಕು. ನಾಲ್ಕು ಯಂತ್ರಗಳ ಒಂದು ಘಟಕ ಅಂಥ ಪರೀಕ್ಷೆಯ ವೆಚ್ಚ ಭರಿಸಲಾರದು. ನಲವತ್ತು ಘಟಕಗಳು ಕೂಡಿದರೆ ಭರಿಸಬಹುದು. ಪರೀಕ್ಷೆಯಲ್ಲಿ ದೋಷ ಕಂಡರೆ ಹಾಳೆ ತೊಳೆಯುವ, ಒಣಗಿಸುವ ಕ್ರಮವನ್ನು ತಿದ್ದಲಾದೀತೇ ಎಂದು ನೋಡಬಹುದು. ತಿದ್ದಲಾಗದಿದ್ದರೆ ಆ ಸತ್ಯವನ್ನಾದರೂ ನಷ್ಟ ಬೆಳೆಯುವ ಮೊದಲೇ ತಿಳಿದುಕೊಳ್ಳಬಹುದು. ಇಂದು ನಮ್ಮ ಘಟಕಗಳವರು ಮಾಡುತ್ತಿರುವುದೇನೆಂದರೆ, ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಹತ್ತು ಪೈಸೆ ಇಳಿಸಿ ಎಳೆದುಕೊಳ್ಳುವುದು.

ಮಹಾಸಭೆಯ ಮುಂದಿರುವ ವಿಷಯ

ಈ ಹಿನ್ನೆಲೆಯಲ್ಲಿ ಆಡಳಿತ ಮಂಡಳಿಯು ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡಲಿದೆ. ಮೊದಲನೆಯದಾಗಿ, ಖಾಲಿ ಬಿದ್ದಿರುವ ನಮ್ಮ ಹಳೆಯ ಗೋದಾಮನ್ನು ರಿಪೇರಿ ಮಾಡಿಸಿ, ಒಂದು ಲೇತನ್ನೂ ಸುಲಿಯುವ ಯಂತ್ರಗಳನ್ನು ಪರೀಕ್ಷಿಸುವ ಒಂದು ಅಂಕಣವನ್ನೂ ಅಲ್ಲಿ ಇಡುವುದು. ಅಳೆದು ಹಾಕಿದ ಅಡಿಕೆಯಲ್ಲಿ ಎಷ್ಟಕ್ಕೆ ಕಚ್ಚು ಬಿತ್ತು, ಎಷ್ಟು ಸುಲಿಯದೆ ಉಳಿಯಿತು, ಗಂಟೆಗೆ ಎಷ್ಟು ಕರೆಂಟು ಹೋಯಿತು ಎಂದು ಅಳೆದು ಬರೆದುಕೊಟ್ಟರೆ ಕೊಳ್ಳುವವನಿಗೂ ಮಾಡುವವನಿಗೂ ಅನುಕೂಲ. ಬ್ಲೇಡು, ಬೇರಿಂಗುಗಳ ಅಳತೆ ಎಲ್ಲ ತಯಾರಕರಲ್ಲೂ ಒಂದೇ ಇರುವಂತೆ ಅವರೊಡನೆ ಕುಳಿತು ಒಪ್ಪಂದಕ್ಕೆ ಬರಬೇಕು. ಎರಡನೆಯದಾಗಿ, ಐ.ಟಿ.ಐ.ಯಲ್ಲಿ ಓದುವ ನಮ್ಮ ಊರಿನ ಇಬ್ಬರು ಮಕ್ಕಳಿಗೆ ಪ್ರತಿವರ್ಷ ಸಹಾಯಧನ, ಮುಗಿಸಿದ ಮೇಲೆ ಇಲ್ಲಿಯೇ ಅಂಗಡಿ ತೆರೆಯುವವರಿಗೆ ಸಾಲದ ಜಾಮೀನು. ಮೂರನೆಯದಾಗಿ, ಹಾಳೆ ತಟ್ಟೆ ಘಟಕಗಳವರು ತಮ್ಮ ಪಾಲು ಹಾಕಿದಷ್ಟೇ ಮೊತ್ತವನ್ನು ಸಂಘವೂ ಹಾಕಿ ಒಂದು ಪರೀಕ್ಷಾ ನಿಧಿ ತೆರೆಯುವುದು. ಇವಕ್ಕೆ ಉಪವಿಧಿಯ ತಿದ್ದುಪಡಿ ಅವಶ್ಯ. ಅದು ನಿಮ್ಮ ಕೈಯಲ್ಲಿದೆ.

ವಿರೋಧದ ಮಾತುಗಳೂ ನಮ್ಮ ಕಿವಿಗೆ ಬಿದ್ದಿವೆ. "ಸೊಸೈಟಿಯವರು ಇನ್ನು ಗುಜರಿ ಅಂಗಡಿಯನ್ನೂ ಇಡುವವರೋ?" ಎಂದು ಒಬ್ಬರು ಕೇಳಿದ್ದಾರೆ. ನಗುವ ಮಾತೆಂದು ಇದನ್ನು ತಳ್ಳಿಹಾಕಬಾರದು. ಸಹಕಾರಿ ಹೆಸರಿನಲ್ಲಿ ಯಂತ್ರ ತಂದು, ಉದ್ಘಾಟನೆಯ ಹೂಮಾಲೆ ಬಾಡುವ ಮೊದಲೇ ಬೀಗ ಹಾಕಿದ ಉದಾಹರಣೆಗಳನ್ನು ನಾವೂ ಬಲ್ಲೆವು. ಅದಕ್ಕಾಗಿಯೇ ಸಂಘವು ಯಂತ್ರ ತಯಾರಿಸುವುದೂ ಬೇಡ, ಮೆಕ್ಯಾನಿಕ್ಕುಗಳನ್ನು ಸಂಬಳಕ್ಕೆ ಇಡುವುದೂ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅಂಗಡಿ ಅವರದೇ ಇರಲಿ, ಲಾಭ ನಷ್ಟ ಅವರದೇ ಇರಲಿ, ಒಬ್ಬರ ಮೇಲೊಬ್ಬರು ಕೈಚಳಕ ತೋರಿಸಿ ಮುಂದೆ ಬರಲಿ. ಅಳತೆ, ಕಲಿಕೆ, ಹೆಸರು ಈ ಮೂರನ್ನು ಮಾತ್ರ ನಾವು ಕೂಡಿ ನೋಡಿಕೊಳ್ಳೋಣ. ಬಾಡಿಗೆ ಕೊಟ್ಟು ಲೇತು ಬಳಸುವವರು ಮೂರು ವರ್ಷದಲ್ಲಿ ಸಾಕಷ್ಟು ಮಂದಿ ಬಾರದಿದ್ದರೆ ಮಾರಿ ಹಣವನ್ನು ಮೀಸಲು ನಿಧಿಗೆ ಹಿಂದಿರುಗಿಸತಕ್ಕದ್ದು ಎಂಬ ಷರತ್ತನ್ನೂ ಠರಾವಿನಲ್ಲಿ ಸೇರಿಸಿದ್ದೇವೆ.

"ಒಂದು ಲೇತಿನಿಂದ ಕೊಯಮತ್ತೂರು ಆದೀತೇ?" ಎಂಬುದು ಇನ್ನೊಬ್ಬರ ಪ್ರಶ್ನೆ. ಆಗಲಾರದು, ಆಗಬೇಕಾಗಿಯೂ ಇಲ್ಲ. ಆ ಊರು ಕಾಫೀ ಕ್ಯೂರಿಂಗಿನಿಂದ ಪಂಪಿನವರೆಗೆ ಬರಲು ಎಪ್ಪತ್ತೈದು ವರ್ಷ ಹಿಡಿಯಿತು. ನಮಗೆ ಬೇಕಾದುದು ಕೊಯ್ಲಿನ ನಡುವೆ ರೋಲರು ಹೋದರೆ ಸಂಜೆಯೊಳಗೆ ಸರಿಮಾಡುವ ನಾಲ್ಕು ಅಂಗಡಿ, ಅವುಗಳಲ್ಲಿ ಕಲಿಯುವ ಎಂಟು ಹುಡುಗರು.

ಕೊನೆಯದಾಗಿ ಒಂದು ವಿಷಯ. ಪೀಣ್ಯದಲ್ಲಿರುವ ಆ ಹುಡುಗನಿಗೆ ನಾವು ಕಳೆದ ತಿಂಗಳು ಫೋನು ಮಾಡಿದ್ದೆವು. ಹಳೆಯದನ್ನು ಎತ್ತಿ ಆಡಲಿಲ್ಲ, ಅದು ಅವನ ದೊಡ್ಡತನ. ವಿಷಯವನ್ನೆಲ್ಲ ಕೇಳಿ, "ಮಹಾಸಭೆಯಲ್ಲಿ ಪಾಸಾದ ಮೇಲೆ ಹೇಳಿ ಸಾರ್, ಆಮೇಲೆ ಮನೆಯವರ ಹತ್ರ ಮಾತಾಡ್ತೀನಿ" ಎಂದ. ಅವನು ಹೇಳಿದ್ದು ನ್ಯಾಯವೇ. ನಮ್ಮ ಬಾಯಿಮಾತನ್ನು ನಂಬಿ ಮತ್ತೊಮ್ಮೆ ಊರು ಬದಲಿಸುವುದು ಅವನಿಂದಾಗದು.

ಆದ್ದರಿಂದ ಸದಸ್ಯ ಬಾಂಧವರೆಲ್ಲರೂ ಮಹಾಸಭೆಗೆ ತಪ್ಪದೆ ಬರಬೇಕು. ಠರಾವಿನ ಪರವಾಗಿ ಮಾತನಾಡುವವರೂ ಬನ್ನಿ, ವಿರೋಧಿಸುವವರೂ ಬನ್ನಿ. ಊಟದ ವ್ಯವಸ್ಥೆ ಎಂದಿನಂತೆ ಇದೆ, ನಮ್ಮ ಹಾಳೆ ತಟ್ಟೆಯಲ್ಲಿಯೇ.

ಇತಿ,
ಕಾರ್ಯದರ್ಶಿ